ಲೆಕ್ಕ ಸಿಗದ ನಗರ

1975ರ ಮಾರ್ಚ್ ಹೊತ್ತಿಗೆ ನ್ಯೂಯಾರ್ಕ್ ನಗರಕ್ಕೆ ಸಾಲ ಹುಟ್ಟುವುದು ನಿಂತುಹೋಯಿತು. ಅಲ್ಲಿಯವರೆಗೆ ಅದರ ಸಾಲಪತ್ರಗಳನ್ನು ಮರುಮಾತಿಲ್ಲದೆ ಮಾರಿಕೊಡುತ್ತಿದ್ದ ವಾಲ್‌ಸ್ಟ್ರೀಟಿನ ಬ್ಯಾಂಕುಗಳು ಇನ್ನು ನಮ್ಮಿಂದಾಗದು ಎಂದುಬಿಟ್ಟವು. ಆಗ ನಗರದ ತಲೆಯ ಮೇಲಿದ್ದ ಸಾಲ ಸುಮಾರು 1,400 ಕೋಟಿ ಡಾಲರ್. ಅದರಲ್ಲಿ 600 ಕೋಟಿಗೆ ಹತ್ತಿರದ ಮೊತ್ತ ಬೇಗನೆ ತೀರಿಸಬೇಕಾದ ಅಲ್ಪಾವಧಿ ಸಾಲ. ಈ ಅಂಕಿಗಳಿಗೆ ‘ಸುಮಾರು’ ಎಂದು ಸೇರಿಸದೆ ವಿಧಿಯಿಲ್ಲ. ಆ ವರ್ಷದ ಕೊರತೆ ಎಷ್ಟು, ಯಾವ ಇಲಾಖೆ ಎಷ್ಟು ಖರ್ಚು ಮಾಡಿದೆ, ಸಂಬಳದ ಪಟ್ಟಿಯಲ್ಲಿ ಎಷ್ಟು ಜನರಿದ್ದಾರೆ ಎಂದು ಕೇಳಿದರೆ ಕಚೇರಿಗೊಂದು ಉತ್ತರ ಬರುತ್ತಿತ್ತು. ಜಗತ್ತಿನ ಹಣದ ರಾಜಧಾನಿ ಎನಿಸಿಕೊಂಡ ಊರಿಗೆ ತನ್ನದೇ ಹಣದ ಲೆಕ್ಕ ಸಿಗುತ್ತಿರಲಿಲ್ಲ.

ಅಲ್ಲಿಂದ ಮುಂದಿನ ನಾಲ್ಕು ದಶಕಗಳಲ್ಲಿ ಆ ನಗರ ತನ್ನ ಲೆಕ್ಕವನ್ನೆಲ್ಲ ಒಂದು ಕಡೆ ತಂದಿತು, ಕಂಪ್ಯೂಟರಿಗೆ ಏರಿಸಿತು, ಕೊನೆಗೆ ಅಂತರಜಾಲದಲ್ಲಿ ಎಲ್ಲರ ಮುಂದೆ ತೆರೆದಿಟ್ಟಿತು. ನಡುವೆ ಅದೇ ಕೆಲಸದ ಹೆಸರಿನಲ್ಲಿ ಭಾರಿ ಮೋಸಕ್ಕೂ ಒಳಗಾಯಿತು. ಸರ್ಕಾರಿ ಲೆಕ್ಕಪತ್ರದ ಗಣಕೀಕರಣ ಎಂದರೆ ನಮ್ಮಲ್ಲಿ ಅನೇಕರು ಇಲಾಖೆಯ ಒಣ ಸಂಗತಿ ಎಂದು ಪುಟ ಮಗುಚುತ್ತಾರೆ. ಆದರೆ ಶಾಲೆಯ ಮೇಷ್ಟ್ರ ಸಂಬಳ, ಬೀದಿಯ ಕಸ, ಕಾಲೇಜಿನ ಶುಲ್ಕ ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಈ ಲೆಕ್ಕದ ಪುಸ್ತಕದ ಮುಂದೆಯೇ. ನ್ಯೂಯಾರ್ಕಿನ ಜನ ಅದನ್ನು ಕಷ್ಟಪಟ್ಟು ಕಲಿತರು.

ಆ ನಗರದ ಹಣಕಾಸಿಗೆ ಇಬ್ಬರು ಯಜಮಾನರು. ಮೇಯರ್ ಕೈಕೆಳಗಿನ ಬಜೆಟ್ ಕಚೇರಿ ಖರ್ಚಿಗೆ ಮಂಜೂರಾತಿ ಕೊಡುತ್ತದೆ. ಜನ ನೇರವಾಗಿ ಮತ ಹಾಕಿ ಆರಿಸುವ ಕಂಪ್ಟ್ರೋಲರ್ ಗುತ್ತಿಗೆಗಳನ್ನು ದಾಖಲೆಗೆ ಸೇರಿಸುತ್ತಾರೆ, ಲೆಕ್ಕ ಬರೆಯುತ್ತಾರೆ, ಸಾಲಪತ್ರ ಹೊರಡಿಸುವುದರಲ್ಲಿ ಕೈಜೋಡಿಸುತ್ತಾರೆ, ಇಲಾಖೆಗಳ ಆಡಿಟ್ಟನ್ನೂ ಮಾಡುತ್ತಾರೆ. ನಮ್ಮ ಖಜಾನೆ ನಿರ್ದೇಶಕರ ಕೆಲಸವನ್ನೂ ಮಹಾಲೇಖಪಾಲರ ಕೆಲಸವನ್ನೂ ಒಬ್ಬರಿಗೇ ವಹಿಸಿ, ಅವರನ್ನು ಚುನಾವಣೆಗೆ ನಿಲ್ಲಿಸಿದಂತೆ. ಮೇಯರ್ ಕೂರುವುದು ಸಿಟಿ ಹಾಲ್‌ನಲ್ಲಿ. ಕಂಪ್ಟ್ರೋಲರ್ ಕಚೇರಿ ಇರುವುದು ಅದರ ಹತ್ತಿರವೇ, ಸೆಂಟರ್ ಸ್ಟ್ರೀಟಿನ ಮುನಿಸಿಪಲ್ ಬಿಲ್ಡಿಂಗಿನಲ್ಲಿ. ನಡೆದುಹೋಗಲು ಐದು ನಿಮಿಷ ಸಾಕು. ಆದರೂ 1975ರಲ್ಲಿ ಎರಡು ಕಡೆಯ ಪುಸ್ತಕಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಬಜೆಟ್ ಕಚೇರಿ ತನ್ನ ಲೆಕ್ಕ ತಾನಿಟ್ಟುಕೊಂಡಿತ್ತು. ಕಂಪ್ಟ್ರೋಲರ್ ಕಚೇರಿ ತನ್ನದನ್ನು ಬೇರೆಯೇ ಬರೆಯುತ್ತಿತ್ತು. ಪೊಲೀಸು, ಆಸ್ಪತ್ರೆ, ಶಿಕ್ಷಣ ಮಂಡಳಿಗಳ ಲೆಕ್ಕ ಮತ್ತೂ ಬೇರೆ. ಒಂದು ಇಲಾಖೆ ತನಗೆ ಮಂಜೂರಾದ ಹಣಕ್ಕಿಂತ ಹೆಚ್ಚು ಖರ್ಚು ಮಾಡುತ್ತಿದೆ ಎಂಬುದು ತಿಳಿಯುವ ಹೊತ್ತಿಗೆ ಚೆಕ್ಕು ಆಗಲೇ ನಗದಾಗಿರುತ್ತಿತ್ತು.

ಹಾಗೆಂದು ಆಗ ಆಳುತ್ತಿದ್ದವರು ಲೆಕ್ಕ ಬಾರದವರೇನಲ್ಲ. ಮೇಯರ್ ಏಬ್ರಹಾಂ ಬೀಮ್ ಓದಿದ್ದೇ ಲೆಕ್ಕಶಾಸ್ತ್ರ. ಮೇಯರ್ ಆಗುವ ಮೊದಲು ಎರಡು ಅವಧಿಗೆ ಇದೇ ನಗರದ ಕಂಪ್ಟ್ರೋಲರ್ ಆಗಿದ್ದವರು. ಡಾಲರಿನ ಮರ್ಮ ಬಲ್ಲವರು ಎಂಬುದೇ 1973ರ ಚುನಾವಣೆಯಲ್ಲಿ ಅವರ ಪರವಾದ ದೊಡ್ಡ ಪ್ರಚಾರವಾಗಿತ್ತು. ಇದನ್ನು ಮರೆಯಬಾರದು ಎಂದು ನನಗನ್ನಿಸುತ್ತದೆ. ಲೆಕ್ಕ ಹಾಳಾದಾಗ ನಾವು ತಟ್ಟನೆ ಹಳೇ ಯಂತ್ರವನ್ನೋ ಗುಮಾಸ್ತರನ್ನೋ ದೂರುತ್ತೇವೆ. ನ್ಯೂಯಾರ್ಕಿನಲ್ಲಿ ಲೆಕ್ಕ ಹಾಳಾದದ್ದು ಬಲ್ಲವರ ಕಣ್ಣೆದುರಿಗೆ.

ಹೇಗೆ ಹಾಳಾಯಿತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಗರಕ್ಕೆ ಬರಬೇಕಾದ ಆಸ್ತಿ ತೆರಿಗೆಯನ್ನು ಬಂದೇ ಬರುತ್ತದೆ ಎಂದು ಜಮೆಯ ಕಡೆ ಬರೆದುಕೊಂಡು, ಆ ಜಮೆಯನ್ನು ತೋರಿಸಿ ಸಾಲ ಎತ್ತುವುದು ರೂಢಿಯಾಗಿತ್ತು. ಆ ಬಾಕಿಯೊಳಗೆ ಮಾಲೀಕರು ಬಿಟ್ಟುಹೋದ ಕಟ್ಟಡಗಳ ತೆರಿಗೆಯೂ ಇತ್ತು. ನಗರವೇ ವಶಪಡಿಸಿಕೊಂಡ ಕಟ್ಟಡಗಳ ತೆರಿಗೆಯೂ ಇತ್ತು, ಅಂದರೆ ನಗರ ತನಗೆ ತಾನೇ ಕೊಡಬೇಕಾದ ಹಣ. ರಾಜ್ಯದ ಕಂಪ್ಟ್ರೋಲರ್ ಆರ್ಥರ್ ಲೆವಿಟ್ ಕಚೇರಿಯ ಆಡಿಟರುಗಳು ಇದನ್ನು ಬಿಡಿಸಿ ನೋಡಿದಾಗ ಬಾಕಿಯ ಬಹುಪಾಲು ಎಂದಿಗೂ ವಸೂಲಾಗುವಂಥದ್ದಲ್ಲ ಎಂದು ಗೊತ್ತಾಯಿತು. ಇನ್ನೊಂದು ಉಪಾಯ ಬಂಡವಾಳ ಬಜೆಟ್ಟಿನದು. ಸೇತುವೆ, ಶಾಲಾಕಟ್ಟಡಗಳಿಗೆಂದು ದೀರ್ಘಾವಧಿ ಸಾಲ ಎತ್ತಿ ಇಟ್ಟ ಹಣದಲ್ಲಿ ವೃತ್ತಿಶಿಕ್ಷಣದಂಥ ದಿನನಿತ್ಯದ ಖರ್ಚುಗಳನ್ನು ನಿಭಾಯಿಸುತ್ತಿದ್ದರು. ಮೂವತ್ತು ವರ್ಷದ ಸಾಲ ತಂದು ಈ ತಿಂಗಳ ಸಂಬಳ ಕೊಟ್ಟ ಹಾಗೆ. ಮೂರನೆಯದು ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ದುಃಖದ್ದು. ಅಲ್ಲಿ ಹಣಕಾಸು ವರ್ಷ ಮುಗಿಯುವುದು ಜೂನ್ 30ಕ್ಕೆ. ಆ ದಿನದ ಬಟವಾಡೆಯನ್ನು ಜುಲೈ 1ಕ್ಕೆ ತಳ್ಳಿಬಿಟ್ಟರೆ ಆ ಖರ್ಚು ಮುಂದಿನ ವರ್ಷದ ಪುಸ್ತಕಕ್ಕೆ ಹೋಗುತ್ತದೆ, ಈ ವರ್ಷದ ಬಜೆಟ್ ಸರಿದೂಗಿದಂತೆ ಕಾಣುತ್ತದೆ.

ಇವುಗಳಲ್ಲಿ ಹಲವಕ್ಕೆ ರಾಜ್ಯದ ಶಾಸನಸಭೆಯ ಒಪ್ಪಿಗೆಯೂ ಇತ್ತು. ಆರ್ಥಿಕತೆ ಚೆನ್ನಾಗಿದ್ದ ವರ್ಷಗಳಲ್ಲಿ ಯಾರಿಗೂ ಇದು ತಟ್ಟಲಿಲ್ಲ. 1973ರ ನಂತರ ದೇಶದ ವ್ಯಾಪಾರ ಕುಸಿಯಿತು, ಕಾರ್ಖಾನೆಗಳು ಊರು ಬಿಟ್ಟವು, ಮಧ್ಯಮವರ್ಗ ನದಿಯಾಚೆಯ ನ್ಯೂಜೆರ್ಸಿಗೂ ಲಾಂಗ್ ಐಲೆಂಡಿಗೂ ಮನೆ ಬದಲಿಸಿತು. ತೆರಿಗೆ ಇಳಿಯಿತು, ಬಡ್ಡಿ ಏರಿತು. 1975ರ ಫೆಬ್ರವರಿಯಲ್ಲಿ ರಾಜ್ಯದ ನಗರಾಭಿವೃದ್ಧಿ ನಿಗಮ ತನ್ನ ಸಾಲಪತ್ರಕ್ಕೆ ಹಣ ಕಟ್ಟಲಾಗದೆ ಕುಸಿದಾಗ ಬ್ಯಾಂಕುಗಳಿಗೆ ನಡುಕ ಹುಟ್ಟಿತು.

ಬೇಸಿಗೆಯಲ್ಲಿ ಜನರಿಗೆ ಬಿಸಿ ತಾಗಿತು. ಜುಲೈ ಆರಂಭದಲ್ಲಿ ಸಾವಿರಾರು ಪೊಲೀಸರನ್ನು ಒಂದೇ ಏಟಿಗೆ ಮನೆಗೆ ಕಳಿಸಿದರು. ಪೌರಕಾರ್ಮಿಕರು ಕೆಲಸ ನಿಲ್ಲಿಸಿದರು, ಬೀದಿಬೀದಿಯಲ್ಲಿ ಕಸ ಕೊಳೆಯಿತು. ಸೆಪ್ಟೆಂಬರಿನಲ್ಲಿ ಸಬ್‌ವೇ ರೈಲಿನ ಟಿಕೆಟ್ 35 ಸೆಂಟಿನಿಂದ 50 ಸೆಂಟಿಗೆ ಏರಿತು. ಮರುವರ್ಷ ಸಿಟಿ ಯೂನಿವರ್ಸಿಟಿ ಶುಲ್ಕ ವಿಧಿಸತೊಡಗಿತು. 1847ರಲ್ಲಿ ಹುಟ್ಟಿದಾಗಿನಿಂದ ಬಡವರ ಮಕ್ಕಳಿಗೆ, ವಲಸೆ ಬಂದವರ ಮಕ್ಕಳಿಗೆ ಪುಕ್ಕಟೆಯಾಗಿ ಓದಿಸಿದ ಸಂಸ್ಥೆ ಅದು. ಬೀಮ್ ಅವರೂ ಅಲ್ಲಿಯೇ ಓದಿದವರು.

1975ರ ಅಕ್ಟೋಬರ್ 17ರ ಶುಕ್ರವಾರ ನಗರ ದಿವಾಳಿಯ ಹೊಸ್ತಿಲಿಗೆ ಬಂದಿತ್ತು. ಅಂದು ತೀರಿಸಬೇಕಾದ ಸಾಲ 45 ಕೋಟಿ ಡಾಲರಿಗೂ ಹೆಚ್ಚು. ಕೈಯಲ್ಲಿ ಅಷ್ಟಿರಲಿಲ್ಲ. ದಿವಾಳಿ ಅರ್ಜಿ ಸಿದ್ಧವಾಗಿತ್ತು, ಮೇಯರ್ ಓದಬೇಕಾದ ಹೇಳಿಕೆಯೂ ಟೈಪಾಗಿತ್ತು. ಶಿಕ್ಷಕರ ಸಂಘದ ನಾಯಕ ಆಲ್ಬರ್ಟ್ ಶಾಂಕರ್ ಅವರ ಮೇಲೆ ಎಲ್ಲರ ಕಣ್ಣು. ಶಿಕ್ಷಕರ ಪಿಂಚಣಿ ನಿಧಿಯಿಂದ 15 ಕೋಟಿ ಡಾಲರ್ ಕೊಟ್ಟು ನಗರದ ರಕ್ಷಣೆಗೆಂದು ಹೊರಡಿಸಿದ ಸಾಲಪತ್ರ ಕೊಳ್ಳಬೇಕೆಂಬುದು ಬೇಡಿಕೆ. ರಾತ್ರಿಯೆಲ್ಲ ಮಾತುಕತೆ ನಡೆಯಿತು. ಮಧ್ಯಾಹ್ನ ಶಾಂಕರ್ ಒಪ್ಪಿದರು. ಮೇಷ್ಟ್ರುಗಳು ಮುಪ್ಪಿಗೆಂದು ಕೂಡಿಟ್ಟ ಹಣ ಅಂದು ಊರನ್ನು ಉಳಿಸಿತು.

ಹನ್ನೆರಡು ದಿನಗಳ ನಂತರ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ನಗರಕ್ಕೆ ಕೇಂದ್ರದ ನೆರವು ಕೊಡುವುದಿಲ್ಲ ಎಂದು ಭಾಷಣ ಮಾಡಿದರು. ಮರುದಿನ ‘ಡೈಲಿ ನ್ಯೂಸ್’ ಪತ್ರಿಕೆ, ಫೋರ್ಡ್ ನಗರಕ್ಕೆ ಸತ್ತುಹೋಗು ಎಂದರು ಎಂಬ ಅರ್ಥದ ತಲೆಬರಹ ಹಾಕಿದ್ದು ಅಮೆರಿಕದ ಪತ್ರಿಕಾ ಚರಿತ್ರೆಯಲ್ಲಿ ನಿಂತಿದೆ. ನವೆಂಬರ್ ಕೊನೆಗೆ ಫೋರ್ಡ್ ಮೆತ್ತಗಾದರು. ವರ್ಷಕ್ಕೆ 230 ಕೋಟಿ ಡಾಲರ್‌ವರೆಗೆ ಋತುಕಾಲಿಕ ಸಾಲ ಕೊಡುವ ಕಾನೂನಿಗೆ ಡಿಸೆಂಬರಿನಲ್ಲಿ ಸಹಿ ಬಿತ್ತು. ಅದಕ್ಕೆ ಮುನ್ನವೇ ಗವರ್ನರ್ ಹ್ಯೂ ಕೇರಿ ಅವರು ಹಣಕಾಸು ತಜ್ಞ ಫೀಲಿಕ್ಸ್ ರೋಹಟಿನ್ ಅವರನ್ನು ಮುಂದಿಟ್ಟುಕೊಂಡು ನಗರದ ಹಣಕಾಸಿನ ಮೇಲೆ ರಾಜ್ಯದ ಹಿಡಿತ ತಂದಿದ್ದರು. ತುರ್ತು ಹಣಕಾಸು ನಿಯಂತ್ರಣ ಮಂಡಳಿ ಒಪ್ಪದೆ ನಗರ ಖರ್ಚಿನ ಯೋಜನೆಯನ್ನೇ ಹಾಕುವಂತಿರಲಿಲ್ಲ.

ಈ ಮಂಡಳಿಯೂ ಕೇಂದ್ರ ಸರ್ಕಾರವೂ ಹಾಕಿದ ಷರತ್ತುಗಳಲ್ಲಿ ಪತ್ರಿಕೆಗಳಿಗೆ ರುಚಿಸದ ಒಂದಿತ್ತು: ನಗರ ತನ್ನ ಲೆಕ್ಕವನ್ನು ಸರ್ವಮಾನ್ಯ ಲೆಕ್ಕಪದ್ಧತಿಗೆ ತರಬೇಕು, ಹೊರಗಿನ ಆಡಿಟರ್ ಬಂದು ನೋಡುವಂತಿರಬೇಕು. ನನ್ನ ಮಟ್ಟಿಗೆ ಆ ಕಾಲದ ದೊಡ್ಡ ಕೆಲಸ ಇದೇ. ಸಾಲ ತಂದದ್ದು, ಖರ್ಚು ಕಡಿದದ್ದು ಆ ಹೊತ್ತಿನ ಉಸಿರಾಟಕ್ಕಾಯಿತು. ಪುಸ್ತಕ ಒಂದಾದದ್ದು ಮಾತ್ರ ಇವತ್ತಿಗೂ ಉಳಿದಿದೆ.

1977ರ ಜುಲೈ 1ರಂದು ಹೊಸ ಹಣಕಾಸು ವರ್ಷದ ಜೊತೆಗೆ ಸಮಗ್ರ ಹಣಕಾಸು ನಿರ್ವಹಣಾ ವ್ಯವಸ್ಥೆ ಜಾರಿಗೆ ಬಂತು. ಅಲ್ಲಿನ ನೌಕರರ ಬಾಯಲ್ಲಿ ಅದು ‘ಐಎಫ್‌ಎಂಎಸ್’. ವರ್ಜೀನಿಯಾದ ಅಮೆರಿಕನ್ ಮ್ಯಾನೇಜ್‌ಮೆಂಟ್ ಸಿಸ್ಟಮ್ಸ್ ಕಂಪನಿ ಅದನ್ನು ಕಟ್ಟುವುದರಲ್ಲಿ ಮುಖ್ಯ ಪಾತ್ರ ವಹಿಸಿತ್ತು. ಎರಡು ವರ್ಷವೂ ಸಿಗದ ಅವಸರದಲ್ಲಿ, ಲಕ್ಷಾಂತರ ನೌಕರರ ನಗರಕ್ಕೆ, ಪರದೆಗಿಂತ ಕಾಗದದ ನಮೂನೆಗಳೇ ಹೆಚ್ಚಿದ್ದ ಆ ಕಾಲದಲ್ಲಿ ಅದು ಎದ್ದು ನಿಂತದ್ದು ಸಾಮಾನ್ಯ ಸಂಗತಿಯಲ್ಲ.

ಅದರ ಕೆಲಸದ ರೀತಿ ಸರಳವಾಗಿತ್ತು. ಆಸ್ಪತ್ರೆಯ ಹಾಸಿಗೆಗೋ ರಸ್ತೆಯ ಡಾಂಬರಿಗೋ ಯಾವ ಇಲಾಖೆ ಬಿಲ್ಲು ಕಳಿಸಿದರೂ ಅದರ ಮೇಲೆ ಬಜೆಟ್ಟಿನ ಸಂಕೇತ ಇರಲೇಬೇಕಿತ್ತು. ಯಂತ್ರ ಆ ಸಂಕೇತದ ತಲೆಯಡಿ ಎಷ್ಟು ಹಣ ಮಂಜೂರಾಗಿತ್ತು, ಎಷ್ಟು ಖರ್ಚಾಗಿದೆ, ಗುತ್ತಿಗೆಗಳಿಗೆಂದು ಎಷ್ಟನ್ನು ತೆಗೆದಿಟ್ಟಾಗಿದೆ ಎಂದು ನೋಡುತ್ತಿತ್ತು. ಹಣವಿಲ್ಲದಿದ್ದರೆ ಬಿಲ್ಲು ಹಿಂದಕ್ಕೆ ಬರುತ್ತಿತ್ತು. ಬಜೆಟ್ ಕಚೇರಿ ನೋಡುವುದೂ ಕಂಪ್ಟ್ರೋಲರ್ ನೋಡುವುದೂ ಒಂದೇ ಅಂಕಿಯಾಯಿತು. ಇದನ್ನು ನಡೆಸಲು ಹಣಕಾಸು ಮಾಹಿತಿ ಸೇವಾ ಸಂಸ್ಥೆ ಎಂಬ ಪ್ರತ್ಯೇಕ ಕಚೇರಿ ಹುಟ್ಟಿತು. ಯಂತ್ರ ಮೇಯರ್ ಕೈಯಲ್ಲಿದ್ದರೆ ಕಂಪ್ಟ್ರೋಲರ್ ನಂಬುವುದಿಲ್ಲ, ಕಂಪ್ಟ್ರೋಲರ್ ಕೈಯಲ್ಲಿದ್ದರೆ ಮೇಯರ್ ನಂಬುವುದಿಲ್ಲ. ಹಾಗಾಗಿ ಅದರ ಆಡಳಿತ ಮಂಡಳಿಯಲ್ಲಿ ಇಬ್ಬರ ಪ್ರತಿನಿಧಿಗಳೂ ಹೊರಗಿನವರೊಬ್ಬರೂ ಇರುವಂತೆ ಮಾಡಿದರು. ಸಾಫ್ಟ್‌ವೇರ್ ಬರೆಯುವುದಕ್ಕಿಂತ ಈ ಏರ್ಪಾಟು ಮಾಡುವುದು ಕಷ್ಟದ್ದಾಗಿದ್ದಿರಬೇಕು.

1977ರ ಆಗಸ್ಟಿನಲ್ಲಿ ಅಮೆರಿಕದ ಷೇರು ವಿನಿಮಯ ಆಯೋಗದ ಸಿಬ್ಬಂದಿ ವರದಿ ಹೊರಬಂತು. 1975ರ ಬಿಕ್ಕಟ್ಟಿನ ಹೊತ್ತಿಗೆ ನಗರದ ನಿಜವಾದ ಸ್ಥಿತಿಯನ್ನು ಸಾಲ ಕೊಟ್ಟವರಿಂದ ಮುಚ್ಚಿಟ್ಟಿದ್ದಕ್ಕೆ ಮೇಯರ್ ಬೀಮ್, ಕಂಪ್ಟ್ರೋಲರ್ ಹ್ಯಾರಿಸನ್ ಗೋಲ್ಡಿನ್, ದೊಡ್ಡ ಬ್ಯಾಂಕುಗಳು ಎಲ್ಲರನ್ನೂ ಅದು ಹೊಣೆ ಮಾಡಿತು. ಎರಡು ವಾರದೊಳಗೆ ನಡೆದ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಬೀಮ್ ಮೂರನೆಯ ಸ್ಥಾನಕ್ಕೆ ಜಾರಿದರು. ಎಡ್ ಕಾಚ್ ಗೆದ್ದು ಮೇಯರ್ ಆದರು. 1981ರ ಹಣಕಾಸು ವರ್ಷಕ್ಕೆ ನಗರ ಸರ್ವಮಾನ್ಯ ಲೆಕ್ಕಪದ್ಧತಿಯ ಪ್ರಕಾರವೇ ಬಜೆಟ್ ಸರಿದೂಗಿಸಿ ತೋರಿಸಿತು. ಕೈಚಳಕವಿಲ್ಲದೆ ಜಮೆ ಖರ್ಚು ಸರಿಹೊಂದಿದ್ದು ಬಹುಕಾಲದ ನಂತರ.

ಐಎಫ್‌ಎಂಎಸ್ ಇಪ್ಪತ್ತೆರಡು ವರ್ಷ ಬಾಳಿತು. 2000ನೇ ಇಸವಿಯ ದಿನಾಂಕದ ಭಯ ಎಲ್ಲ ಹಳೆಯ ಸಾಫ್ಟ್‌ವೇರ್‌ಗಳ ಬೆನ್ನು ಹತ್ತಿದ್ದಾಗ, 1999ರ ಜುಲೈನಲ್ಲಿ, ಎಫ್‌ಎಂಎಸ್ ಎಂಬ ಹೊಸ ವ್ಯವಸ್ಥೆ ಅದರ ಜಾಗಕ್ಕೆ ಬಂತು. ನಂತರದ ಆವೃತ್ತಿಯಲ್ಲಿ ಅದು ವೆಬ್ ಬ್ರೌಸರಿನಲ್ಲಿ ತೆರೆದುಕೊಳ್ಳುವಂತಾಯಿತು. ಕಾಲಕಾಲಕ್ಕೆ ಹೀಗೆ ಹೊಸದಾಗಿಸದಿದ್ದರೆ ಏನಾಗುತ್ತದೆ ಎಂಬುದನ್ನು ಹಡ್ಸನ್ ನದಿಯಾಚೆಯ ನ್ಯೂಜೆರ್ಸಿ 2020ರ ಏಪ್ರಿಲ್‌ನಲ್ಲಿ ಕಂಡಿತು. ಕೋವಿಡ್ ಬಂದು ಲಕ್ಷಾಂತರ ಜನ ಒಟ್ಟಿಗೆ ನಿರುದ್ಯೋಗ ಪರಿಹಾರಕ್ಕೆ ಅರ್ಜಿ ಹಾಕಿದಾಗ ನಲವತ್ತು ವರ್ಷ ಹಳೆಯ ಮೇನ್‌ಫ್ರೇಮ್ ಏದುಸಿರು ಬಿಟ್ಟಿತು. ಗವರ್ನರ್ ಫಿಲ್ ಮರ್ಫಿ ಪತ್ರಿಕಾಗೋಷ್ಠಿಯಲ್ಲಿ ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆ ಬಲ್ಲವರು ಸ್ವಯಂಸೇವಕರಾಗಿ ಬನ್ನಿ ಎಂದು ಕೇಳಿಕೊಂಡರು. ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಮ್ಮವರಲ್ಲಿ ಎಷ್ಟೋ ಮಂದಿ ವೃತ್ತಿ ಆರಂಭಿಸಿದ್ದೇ ಇಂಥ ಮೇನ್‌ಫ್ರೇಮ್‌ಗಳ ಮುಂದೆ. ಬ್ಯಾಂಕು, ವಿಮೆ, ಸರ್ಕಾರಗಳ ಆ ಹಳೇ ಪ್ರೋಗ್ರಾಂಗಳ ಸಾಲುಗಳನ್ನು ತಿದ್ದಿ ಬದುಕಿಸಿಟ್ಟವರಲ್ಲಿ ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳಿಂದ ಹೋದವರೂ ಇದ್ದಾರೆ.

ಇನ್ನು ಮೋಸದ ಕಥೆ. 1998ರಲ್ಲಿ ನ್ಯೂಯಾರ್ಕ್ ನಗರ ತನ್ನ ನೌಕರರ ಹಾಜರಿಯನ್ನು ಒಂದೇ ಕಂಪ್ಯೂಟರ್ ವ್ಯವಸ್ಥೆಗೆ ತರಲು ತೀರ್ಮಾನಿಸಿತು. ಆಗ ಹತ್ತಾರು ಇಲಾಖೆಗಳಲ್ಲಿ ಹಾಜರಿ ಎಂದರೆ ಕೈಯಲ್ಲಿ ತುಂಬಿಸಿದ ಚೀಟಿ. ಯಾರು ಎಷ್ಟು ಹೊತ್ತು ಕೆಲಸ ಮಾಡಿದರು, ಎಷ್ಟು ಓವರ್‌ಟೈಮ್, ಎಷ್ಟು ರಜೆ ಎಂಬುದನ್ನು ಒಬ್ಬರು ಬರೆದು, ಇನ್ನೊಬ್ಬರು ಸಹಿ ಮಾಡಿ, ಮತ್ತೊಬ್ಬರು ಸಂಬಳದ ಕಂಪ್ಯೂಟರಿಗೆ ತುಂಬಬೇಕಿತ್ತು. ಸುಳ್ಳು ಬರೆಯಲು ಬೇಕಾದಷ್ಟು ಜಾಗವಿತ್ತು. ಹೊಸ ಯೋಜನೆಯ ಹೆಸರು ಸಿಟಿಟೈಮ್. ಅಂದಾಜು ವೆಚ್ಚ 6.3 ಕೋಟಿ ಡಾಲರ್. ಕೆಲಸ ಬೇಗನೆ ಎಸ್‌ಎಐಸಿ ಎಂಬ ದೊಡ್ಡ ಕಂಪನಿಯ ಕೈಗೆ ಬಂತು. ಅಮೆರಿಕದ ರಕ್ಷಣಾ ಇಲಾಖೆಯ ಗುತ್ತಿಗೆಗಳಿಂದ ಬೆಳೆದ ಕಂಪನಿ ಅದು.

ವರ್ಷಗಳು ಉರುಳಿದವು. ಕೆಲಸ ಮುಗಿಯಲಿಲ್ಲ. 2006ರಲ್ಲಿ ಗುತ್ತಿಗೆಗೆ ತಿದ್ದುಪಡಿಯಾಯಿತು. ಮೊದಲಿನ ಕರಾರಿನಲ್ಲಿ ಇಷ್ಟು ಕೆಲಸಕ್ಕೆ ಇಷ್ಟು ಹಣ ಎಂದಿತ್ತು, ವೆಚ್ಚ ಮಿತಿಮೀರಿದರೆ ಕಂಪನಿಗೆ ನಷ್ಟ. ತಿದ್ದುಪಡಿಯ ನಂತರ ಹೆಚ್ಚಾದ ವೆಚ್ಚ ನಗರದ ತಲೆಗೆ ಬಂತು. ಈ ಒಂದು ಬದಲಾವಣೆ ಸಾಕಾಯಿತು. ಸಲಹೆಗಾರರ ಸಂಖ್ಯೆ ಏರಿತು, ಅವರ ಗಂಟೆಗಳು ಏರಿದವು, ಬಿಲ್ಲು ಏರಿತು. 2010ರ ಹೊತ್ತಿಗೆ ಸಿಟಿಟೈಮ್‌ನ ಒಟ್ಟು ವೆಚ್ಚ 70 ಕೋಟಿ ಡಾಲರಿನ ಗಡಿ ದಾಟುವ ಸ್ಥಿತಿಗೆ ಬಂತು. ಅಂದಾಜಿನ ಹನ್ನೊಂದು ಪಟ್ಟು!

ಇದನ್ನು ಮೊದಲು ಬೆನ್ನಟ್ಟಿದವರು ಪತ್ರಕರ್ತ ಹುವಾನ್ ಗೊನ್ಸಾಲೆಸ್. 1975ರಲ್ಲಿ ಆ ತಲೆಬರಹ ಹಾಕಿದ್ದ ‘ಡೈಲಿ ನ್ಯೂಸ್’ ಪತ್ರಿಕೆಗೇ ಆಗ ಅಂಕಣಕಾರರಾಗಿದ್ದವರು ಅವರು. 2009ರ ಕೊನೆಯಿಂದ ಒಂದರ ಹಿಂದೊಂದು ಅಂಕಣ ಬರೆದು, ಸಲಹೆಗಾರರಿಗೆ ವರ್ಷಕ್ಕೆ ಎಷ್ಟು ಹಣ ಹೋಗುತ್ತಿದೆ, ಯಾರು ಯಾರಿಗೆ ಸಂಬಂಧಿ ಎಂದು ಬಿಡಿಸುತ್ತ ಹೋದರು. 2010ರ ಸೆಪ್ಟೆಂಬರಿನಲ್ಲಿ ಕಂಪ್ಟ್ರೋಲರ್ ಜಾನ್ ಲ್ಯೂ ಅವರ ಕಚೇರಿಯ ಆಡಿಟ್ ವರದಿ ಬಂತು. ಯೋಜನೆಯ ಮೇಲೆ ನಗರದ ಉಸ್ತುವಾರಿಯೇ ಇರಲಿಲ್ಲ ಎಂಬುದು ಅದರ ಸಾರ. ಡಿಸೆಂಬರಿನಲ್ಲಿ ಕೇಂದ್ರದ ಪ್ರಾಸಿಕ್ಯೂಟರ್ ಪ್ರೀತ್ ಭರಾರಾ ಮೊದಲ ಆರೋಪಗಳನ್ನು ಹೊರಿಸಿದರು. ಪಂಜಾಬಿನ ಫಿರೋಜ್‌ಪುರದಲ್ಲಿ ಹುಟ್ಟಿ ನ್ಯೂಜೆರ್ಸಿಯಲ್ಲಿ ಬೆಳೆದವರು ಭರಾರಾ.

ಹೊರಬಂದ ಸಂಗತಿ ಇಷ್ಟು. ಕಂಪನಿಯ ಕೆಲಸವನ್ನು ನಗರದ ಪರವಾಗಿ ನೋಡಿಕೊಳ್ಳಲು ಸಂಬಳ ವಿತರಣಾ ಕಚೇರಿ ನೆಚ್ಚಿಕೊಂಡಿದ್ದ ಮಾರ್ಕ್ ಮೇಜರ್ ಎಂಬಾತ ಸ್ವತಃ ಹೊರಗಿನ ಸಲಹೆಗಾರ, ನಗರದ ಕಾಯಂ ನೌಕರನಲ್ಲ. ಗುತ್ತಿಗೆಯ ತಿದ್ದುಪಡಿಗೆ ಶಿಫಾರಸು ಮಾಡಿದ್ದೂ ಆತ, ಉಪಗುತ್ತಿಗೆ ತನಗೆ ಬೇಕಾದವರಿಗೆ ಸಿಗುವಂತೆ ನೋಡಿಕೊಂಡಿದ್ದೂ ಆತ. ಆ ಉಪಗುತ್ತಿಗೆದಾರರಿಂದ ಕೋಟಿಗಟ್ಟಲೆ ಡಾಲರ್ ಸುತ್ತುಬಳಸಿ ಆತನ ಬಳಗದ ಖಾತೆಗಳಿಗೆ ಬರುತ್ತಿತ್ತು. ಎಸ್‌ಎಐಸಿಯ ಒಳಗಿದ್ದ ಮೇಲ್ವಿಚಾರಕರಿಗೆ ಬೇರೆ ಕಮಿಷನ್. ಉಪಗುತ್ತಿಗೆಯ ಸಲಹೆಗಾರ ಕೆಲಸ ಮಾಡಿದ ಪ್ರತಿ ಗಂಟೆಗೆ 5 ಡಾಲರ್. ಗಂಟೆ ಹೆಚ್ಚಾದಷ್ಟೂ ಲಂಚ ಹೆಚ್ಚು, ಹಾಗಾಗಿ ಕೆಲಸ ಮುಗಿಯದಿರುವುದೇ ಎಲ್ಲರಿಗೂ ಲಾಭ. ದೊಡ್ಡ ಉಪಗುತ್ತಿಗೆ ಪಡೆದಿದ್ದದ್ದು ನ್ಯೂಜೆರ್ಸಿಯ ಒಂದು ಕಂಪನಿ, ಭಾರತ ಮೂಲದ ದಂಪತಿ ನಡೆಸುತ್ತಿದ್ದದ್ದು. ಆರೋಪ ಬರುವ ಹೊತ್ತಿಗೆ ಅವರು ಭಾರತಕ್ಕೆ ಹೋಗಿದ್ದರು, ವಿಚಾರಣೆಗೆ ಹಾಜರಾಗಲಿಲ್ಲ. ನಮ್ಮ ಎಷ್ಟೋ ಹುಡುಗ ಹುಡುಗಿಯರು ವೀಸಾ ಹಿಡಿದುಕೊಂಡು ಸೇರುವುದು ಇಂಥ ನಡುವಿನ ಕಂಪನಿಗಳಿಗೇ. ತಮ್ಮ ಒಂದು ಗಂಟೆಯ ದುಡಿಮೆಗೆ ಮೇಲಿನವರು ಎಷ್ಟು ಬಿಲ್ಲು ಹಾಕುತ್ತಾರೆ, ಅದರಲ್ಲಿ ಯಾರ ಪಾಲು ಎಷ್ಟು ಎಂಬುದು ಅವರಿಗೆ ತಿಳಿಯುವುದೇ ಇಲ್ಲ.

2012ರ ಮಾರ್ಚ್‌ನಲ್ಲಿ ಎಸ್‌ಎಐಸಿ ಹೊಣೆ ಒಪ್ಪಿಕೊಂಡು 50 ಕೋಟಿ ಡಾಲರಿಗೂ ಸ್ವಲ್ಪ ಹೆಚ್ಚು ಕಟ್ಟಿತು. ಅದರಲ್ಲಿ ಸುಮಾರು 46.6 ಕೋಟಿ ನಗರದ ಪಾಲಿಗೆ ಮರಳಿತು. 2014ರ ಏಪ್ರಿಲ್‌ನಲ್ಲಿ ಮೇಜರ್‌ಗೂ ಇನ್ನಿಬ್ಬರಿಗೂ ತಲಾ ಇಪ್ಪತ್ತು ವರ್ಷ ಜೈಲಾಯಿತು. ಸಿಟಿಟೈಮ್ ಸಾಫ್ಟ್‌ವೇರ್ ಮಾತ್ರ ಕೊನೆಗೂ ಕೆಲಸ ಮಾಡಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ನೌಕರರ ಹಾಜರಿ ಅದರಲ್ಲೇ ದಾಖಲಾಗತೊಡಗಿತು.

ಈ ಇಡೀ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಒಂದಿದೆ. 1977ರಿಂದ ನಗರದ ಲೆಕ್ಕ ಒಂದೇ ಪುಸ್ತಕದಲ್ಲಿತ್ತಲ್ಲ? ಎಸ್‌ಎಐಸಿಗೆ ಹೋದ ಪ್ರತಿ ಡಾಲರೂ ಅದರಲ್ಲಿ ಸರಿಯಾಗಿ ದಾಖಲಾಗಿತ್ತು. ಮಂಜೂರಾತಿ ಇತ್ತು, ಗುತ್ತಿಗೆ ನೋಂದಣಿಯಾಗಿತ್ತು, ಸಂಕೇತ ಸರಿಯಿತ್ತು, ಯಂತ್ರ ಬಿಲ್ಲು ಪಾಸು ಮಾಡಿತು. ಆದರೆ ಹಣ ಗುತ್ತಿಗೆದಾರನ ಕೈ ಸೇರಿದ ಕೂಡಲೇ ನಗರದ ಪುಸ್ತಕ ಮುಗಿಯುತ್ತಿತ್ತು. ಮುಂದೆ ಉಪಗುತ್ತಿಗೆದಾರ ಯಾರು, ಅವನಿಗೆ ಎಷ್ಟು, ಅವನ ಹಿಂದೆ ಯಾರು ಎಂಬುದು ನಗರದ ಆ ಕೇಂದ್ರ ಲೆಕ್ಕದಲ್ಲಿ ಕಾಣುತ್ತಿರಲಿಲ್ಲ. ಲಂಚ ಹರಿದದ್ದು ಪುಸ್ತಕ ನಿಂತ ಜಾಗದಿಂದಾಚೆಗೆ.

ಲ್ಯೂ ತಮ್ಮ ಅವಧಿಯಲ್ಲಿ ಶುರು ಮಾಡಿದ ‘ಚೆಕ್‌ಬುಕ್ ಎನ್‌ವೈಸಿ’ ಎಂಬ ಜಾಲತಾಣವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 2010ರಲ್ಲಿ ಅದರ ಮೊದಲ ರೂಪ ಬಂತು, 2013ರ ಆರಂಭದಲ್ಲಿ ಹೊಸದಾಗಿ ಕಟ್ಟಿದ ಎರಡನೆಯ ರೂಪ. ಅದೇ ವರ್ಷ ಅದರ ಸಾಫ್ಟ್‌ವೇರನ್ನೇ ಯಾವ ಊರು ಬೇಕಾದರೂ ಬಳಸಿಕೊಳ್ಳಲಿ ಎಂದು ಮುಕ್ತವಾಗಿ ಬಿಟ್ಟುಕೊಟ್ಟರು. ಅದನ್ನು ತೆರೆದರೆ ಗುರುತಿನ ಚೀಟಿ ಕೇಳುವುದಿಲ್ಲ, ಪಾಸ್‌ವರ್ಡ್ ಕೇಳುವುದಿಲ್ಲ. ಬಜೆಟ್, ಜಮೆ, ಖರ್ಚು, ಗುತ್ತಿಗೆ, ಸಂಬಳ ಎಂದು ವಿಭಾಗಗಳಿವೆ. ಖರ್ಚಿನ ಅಂಕಿಯನ್ನು ಒತ್ತಿದರೆ ಇಲಾಖೆಗಳ ಪಟ್ಟಿ, ಇಲಾಖೆಯನ್ನು ಒತ್ತಿದರೆ ಹಣ ಪಡೆದವರ ಹೆಸರು, ಹೆಸರನ್ನು ಒತ್ತಿದರೆ ಗುತ್ತಿಗೆಯ ಸಂಖ್ಯೆ, ಚೆಕ್ಕಿನ ದಿನಾಂಕ, ಮೊತ್ತ. ಗುತ್ತಿಗೆಯ ಮೂಲ ಮೊತ್ತ ಎಷ್ಟಿತ್ತು, ಈಗ ಎಷ್ಟಾಗಿದೆ ಎಂಬ ಎರಡು ಅಂಕಿಗಳೂ ಅಲ್ಲಿವೆ. ಸಿಟಿಟೈಮ್ ಕಾಲದಲ್ಲಿ ಈ ಎರಡು ಅಂಕಿಗಳು ಹೀಗೆ ಎಲ್ಲರ ಕಣ್ಣಿಗೆ ಬೀಳುತ್ತಿದ್ದರೆ 6.3 ಕೋಟಿ ಅಷ್ಟು ಸದ್ದಿಲ್ಲದೆ 70 ಕೋಟಿ ಆಗುವುದು ಕಷ್ಟವಿತ್ತು. ನಂತರದ ವರ್ಷಗಳಲ್ಲಿ ಉಪಗುತ್ತಿಗೆದಾರರ ಹೆಸರು ಮತ್ತು ಮೊತ್ತಗಳೂ ಅದೇ ಜಾಲತಾಣಕ್ಕೆ ಸೇರಿದವು. ಪುಸ್ತಕ ಒಂದು ಹೆಜ್ಜೆ ಮುಂದಕ್ಕೆ ಹೋಯಿತು.

ಕರ್ನಾಟಕ ಈ ದಾರಿಯಲ್ಲಿ ಹಿಂದೆ ಬಿದ್ದಿಲ್ಲ. ಒಂದು ಕಾಲಕ್ಕೆ ತಾಲೂಕು ಖಜಾನೆಗಳಲ್ಲಿ ಬಿಲ್ಲುಗಳನ್ನು ದಪ್ಪ ರಿಜಿಸ್ಟರಿನಲ್ಲಿ ಬರೆದು, ತಿಂಗಳ ಲೆಕ್ಕವನ್ನೂ ವೋಚರುಗಳನ್ನೂ ಗಂಟು ಕಟ್ಟಿ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಕಳಿಸುತ್ತಿದ್ದರು. 2002ರಲ್ಲಿ ‘ಖಜಾನೆ’ ಯೋಜನೆ ಬಂದು ರಾಜ್ಯದ ಇನ್ನೂರಕ್ಕೂ ಹೆಚ್ಚು ಖಜಾನೆಗಳನ್ನು ಬೆಂಗಳೂರಿನ ಒಂದು ಸರ್ವರಿಗೆ ಜೋಡಿಸಿತು. ಬಜೆಟ್ಟಿನಲ್ಲಿ ಹಣವಿಲ್ಲದ ತಲೆಯ ಬಿಲ್ಲು ಹಿಂದಕ್ಕೆ ಬರುವ ಕಟ್ಟುಪಾಡು ನಮ್ಮಲ್ಲೂ ಯಂತ್ರಕ್ಕೇರಿದ್ದು ಆಗ. ನಂತರದ ಖಜಾನೆ-2 ಪೂರ್ತಿ ವೆಬ್ ಆಧಾರಿತ. ಇಲಾಖೆಗಳಲ್ಲಿ ಹಣ ಸೆಳೆದು ಬಟವಾಡೆ ಮಾಡುವ ಅಧಿಕಾರಿಗಳು (ಡಿಡಿಓ) ತಮ್ಮ ಕಚೇರಿಯಲ್ಲೇ ಕುಳಿತು ಬಿಲ್ಲು ಸಲ್ಲಿಸುತ್ತಾರೆ, ನಾಗರಿಕರು ಚಲನ್ ಅನ್ನು ಮನೆಯಿಂದಲೇ ತುಂಬುತ್ತಾರೆ. ಪಂಚಾಯಿತಿಗಳ ಆಡಿಟ್‌ಗೆಂದು ಕೇಂದ್ರ ಸರ್ಕಾರ 2020ರ ಏಪ್ರಿಲ್‌ನಲ್ಲಿ ‘ಆಡಿಟ್ ಆನ್‌ಲೈನ್’ ತಂದಿತು. ಮಹಾಲೇಖಪಾಲರ ಇಲಾಖೆ ತನ್ನ ಆಡಿಟ್ ಪ್ಯಾರಾಗಳನ್ನು, ಅವಕ್ಕೆ ಬಂದ ಉತ್ತರಗಳನ್ನು ದೇಶಕ್ಕೆಲ್ಲ ಒಂದೇ ವೆಬ್ ವ್ಯವಸ್ಥೆಯಲ್ಲಿ ನಡೆಸುವ ಹಾದಿ ಹಿಡಿದಿದೆ.

ಕಚೇರಿಗಳ ಒಳಗೆ ಲೆಕ್ಕ ಒಂದಾಗುತ್ತಿದೆ, ಸಂತೋಷ. ಹೊರಗಿನ ನಾಗರಿಕನಿಗೆ ಎಷ್ಟು ಕಾಣುತ್ತದೆ ಎಂಬುದು ಮುಂದಿನ ಪ್ರಶ್ನೆ. ಉದ್ಯೋಗ ಖಾತ್ರಿ ಯೋಜನೆಯಲ್ಲಿ ಕೆರೆಯ ಹೂಳೆತ್ತಿದ ಕೂಲಿಕಾರರ ಹೆಸರು, ಅವರು ದುಡಿದ ದಿನಗಳು, ಪಡೆದ ಕೂಲಿ ಎಲ್ಲವನ್ನೂ ಮಸ್ಟರ್ ರೋಲ್ ಸಮೇತ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದಾಗಿತ್ತು. ಅದೇ ತಾಲೂಕಿನಲ್ಲಿ ಕೋಟ್ಯಂತರ ರೂಪಾಯಿಯ ರಸ್ತೆ ಗುತ್ತಿಗೆ ಹಿಡಿದವರಿಂದ ಕೆಲಸ ಯಾರ ಯಾರ ಕೈಗೆ ದಾಟಿತು, ಪ್ರತಿ ಕೈಯಲ್ಲಿ ಎಷ್ಟು ನಿಂತಿತು ಎಂಬುದು ಅಷ್ಟೇ ಸುಲಭವಾಗಿ ಸಿಗುವುದಿಲ್ಲ. ಬಡವನ ಕೂಲಿಯ ಲೆಕ್ಕವನ್ನು ಜಗತ್ತಿಗೆ ತೆರೆದಿಡಲು ಸಾಧ್ಯವಾದ ರಾಜ್ಯಕ್ಕೆ ಗುತ್ತಿಗೆದಾರನ ಲೆಕ್ಕ ತೆರೆದಿಡುವುದು ತಂತ್ರಜ್ಞಾನದ ಮಟ್ಟಿಗೆ ಏನೂ ಕಷ್ಟವಲ್ಲ. ಖಜಾನೆ-2ರ ಪಾವತಿಗಳನ್ನು ಗುತ್ತಿಗೆಯ ಮೂಲ ಮೊತ್ತ, ತಿದ್ದಿದ ಮೊತ್ತ, ಉಪಗುತ್ತಿಗೆದಾರರ ಹೆಸರಿನೊಂದಿಗೆ, ಕನ್ನಡದಲ್ಲಿ, ಲಾಗಿನ್ ಇಲ್ಲದೆ ಯಾರಾದರೂ ನೋಡುವಂತೆ ರಾಜ್ಯ ಸರ್ಕಾರ ತೆರೆದಿಡಬೇಕು. ಮುಂದಿನ ಬಜೆಟ್ ಅಧಿವೇಶನಕ್ಕೆ ಮುನ್ನ ನಿಮ್ಮ ಶಾಸಕರನ್ನು ಕಂಡಾಗ ಈ ಒಂದು ಮಾತನ್ನು ಕೇಳಿ.